ಇಂಗ್ಲಿಷ್ ಪಿರಿಯಡ್ಡಿನಲ್ಲಿ ಮಕ್ಕಳ ಮುಖ ನೋಡುತ್ತಾ

ನಮ್ಮ ನಾಲ್ಕನೇ ತರಗತಿ ಹುಡುಗರು ಮೈದಾನದಲ್ಲಿ ಕ್ರಿಕೆಟ್ ಆಡುವಾಗ ನೀವು ಕೇಳಬೇಕು. ‘ನೋ ಬಾಲ್’, ‘ವೈಡ್’, ‘ರನ್ ಔಟ್’ ಎಲ್ಲ ಗಂಟಲು ಹರಿಯುವ ಹಾಗೆ ಕೂಗುತ್ತಾರೆ. ಟ್ರ್ಯಾಕ್ಟರ್ ಇರುವ ಮನೆಯ ಹುಡುಗನಿಗೆ ಗೇರು, ಕ್ಲಚ್ಚು, ಹೈಡ್ರಾಲಿಕ್ಕು ಎಲ್ಲ ಬಾಯಿಪಾಠ. ಅದೇ ಹುಡುಗರನ್ನು ಇಂಗ್ಲಿಷ್ ಪಿರಿಯಡ್ಡಿನಲ್ಲಿ ಎಬ್ಬಿಸಿ, ಬ್ಯಾಟಿನ ಚಿತ್ರ ತೋರಿಸಿ ‘ವಾಟ್ ಈಸ್ ದಿಸ್?’ ಎಂದರೆ ಮುಗಿಯಿತು. ನೆಲ ನೋಡುತ್ತಾರೆ, ಅಂಗಿಯ ಗುಂಡಿ ತಿರುಗಿಸುತ್ತಾರೆ.

ಬ್ಯಾಟ್ ಅನ್ನೋದು ಗೊತ್ತಿಲ್ಲ ಅಂತಲ್ಲ. ಮೈದಾನದಲ್ಲಿ ತಪ್ಪು ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ತರಗತಿಯಲ್ಲಿ ಎಲ್ಲರೂ ನೋಡುತ್ತಾರೆ, ಟೀಚರೂ ಸೇರಿ. ಮಗು ಬಾಯಿ ಬಿಟ್ಟ ಮೇಲಿನ ಒಂದೆರಡು ಸೆಕೆಂಡು ಇದೆಯಲ್ಲ, ಅದಕ್ಕೇ ಮಕ್ಕಳು ಹೆದರುವುದು ಅಂತ ನನಗೆ ಅನ್ನಿಸಿದೆ. ಟೀಚರ್ ಹುಬ್ಬು ಮೇಲೇರುತ್ತಾ? ಪಕ್ಕದವನು ಕಿಸಕ್ಕನೆ ನಗುತ್ತಾನಾ? ಆ ಒಂದೆರಡು ಸೆಕೆಂಡನ್ನು, ಅದರ ಹಿಂದುಮುಂದಿನ ಹೊತ್ತನ್ನು ನಾನು ಹೇಗೆ ನಿಭಾಯಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯುತ್ತೇನೆ.

ನಮ್ಮದು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಸುತ್ತ ಗೋವಿನಜೋಳ, ಹತ್ತಿ, ಮೆಣಸಿನಕಾಯಿ. ನಾಲ್ಕರಿಂದ ಏಳರವರೆಗೆ ಇಂಗ್ಲಿಷ್ ನನ್ನ ಪಾಲು. ಊರಿನ ಮಕ್ಕಳ ಜೊತೆಗೆ ಪಕ್ಕದ ತಾಂಡಾದಿಂದ ಲಂಬಾಣಿ ಮಕ್ಕಳು ಬರುತ್ತಾರೆ. ಮನೆಯಲ್ಲಿ ಉರ್ದು ಮಾತಾಡುವವರೂ ಇದ್ದಾರೆ. ಸರ್ಕಾರದ ಲೆಕ್ಕದಲ್ಲಿ ಇಂಗ್ಲಿಷ್ ಇವರಿಗೆ ದ್ವಿತೀಯ ಭಾಷೆ. ತಾಂಡಾದ ಮಗುವಿಗೆ ಕನ್ನಡವೇ ಎರಡನೆಯದು, ಹಾಗಾಗಿ ಇಂಗ್ಲಿಷ್ ಮೂರನೆಯದು. ಯಾರಿಗಾದರೂ ಅಷ್ಟೇ, ದಿನಕ್ಕೆ ನಲವತ್ತು ನಿಮಿಷ ಶಾಲೆಯಲ್ಲಿ ಬಿಟ್ಟರೆ ಬೇರೆಲ್ಲೂ ಬೇಕಾಗದ ಭಾಷೆ ಅದು. ಸಂತೆಯಲ್ಲಿ ಬೇಡ, ಹೊಲದಲ್ಲಿ ಬೇಡ, ಅಜ್ಜಿ ಹತ್ತಿರ ಬೇಡ.

ನಾನು ಕಲಿಯುವಾಗ ಎಬಿಸಿಡಿ ಶುರುವಾಗಿದ್ದೇ ಐದನೇ ತರಗತಿಯಲ್ಲಿ. 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಹಾಗಾಗಿ ನನ್ನ ಕೈಗೆ ಬರುವ ಹೊತ್ತಿಗೆ ಮಕ್ಕಳಿಗೆ ಅಕ್ಷರ ಗೊತ್ತಿರುತ್ತೆ, ನಾಲ್ಕಾರು ಪದ್ಯ ಗೊತ್ತಿರುತ್ತೆ. ಅದರ ಜೊತೆಗೆ ‘ನನಗ ಇಂಗ್ಲಿಷ್ ಬರಂಗಿಲ್ಲ’ ಅನ್ನುವುದನ್ನೂ ಗಟ್ಟಿಯಾಗಿ ಕಲಿತಿರುತ್ತಾರೆ. ನನ್ನ ಕೆಲಸ ಶುರುವಾಗೋದು ಅಲ್ಲಿಂದ.

ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. 1963ರಲ್ಲಿ ಶುರುವಾದದ್ದು. ಅಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ನಾನೂ ಹೋಗಿದ್ದೆ. ಅಲ್ಲಿ ನನಗೆ ಜಾಸ್ತಿ ಕಲಿಸಿದ್ದು ಪಾಠಗಳಿಗಿಂತ ನಮ್ಮದೇ ಪಾಡು. ಎಲ್ಲರೂ ಅನುಭವಸ್ಥ ಶಿಕ್ಷಕರು. ಊರಲ್ಲಿ ನಮ್ಮ ಎದುರು ಮಾತಾಡುವವರಿಲ್ಲ. ಒಬ್ಬೊಬ್ಬರೇ ಎದ್ದು ನಿಂತು ಒಂದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿ ಅಂದಾಗ ಪಕ್ಕದ ಸರ್ ಕರ್ಚೀಫಿನಲ್ಲಿ ಅಂಗೈ ಒರೆಸಿಕೊಳ್ಳುತ್ತಿದ್ದರು. ನಾನು ನನ್ನ ಸರದಿಗೆ ಮುಂಚೆ ಎಷ್ಟು ಜನ ಇದ್ದಾರೆ ಅಂತ ಎಣಿಸುತ್ತಿದ್ದೆ. ನನಗಿಂತ ಮುಂಚಿನವರು ಏನು ಮಾತಾಡಿದರು ಅಂತ ಕೇಳಿದ್ದರೆ ನನಗೆ ಒಂದಕ್ಷರವೂ ಗೊತ್ತಿರುತ್ತಿರಲಿಲ್ಲ.

ಶಾಲೆಗೆ ವಾಪಸು ಬಂದು ನೋಡಿದರೆ ನನ್ನ ಮಕ್ಕಳೂ ಅದನ್ನೇ ಮಾಡುತ್ತಿದ್ದರು. ಸಾಲಿನಿಂದ ಸಾಲಿಗೆ ಓದಿಸುವಾಗ ಹಿಂದಿನ ಹುಡುಗ ತನ್ನ ಮುಂದೆ ಎಷ್ಟು ಜನ ಅಂತ ಎಣಿಸುತ್ತಾನೆ. ಪಾಠದಲ್ಲಿ ಅಷ್ಟನೇ ವಾಕ್ಯ ಹುಡುಕಿ ಅದರ ಮೇಲೆ ಬೆರಳಿಡುತ್ತಾನೆ. ಅದೊಂದನ್ನೇ ತುಟಿಯಲ್ಲಿ ಗುನುಗುತ್ತಾ ಕೂರುತ್ತಾನೆ. ನಡುವೆ ಯಾರಾದರೂ ಗೈರಾಗಿದ್ದರೆ ಲೆಕ್ಕ ತಪ್ಪಿ ಪಾಪ, ಬೇರೆ ವಾಕ್ಯ ಬರುತ್ತೆ. ಅವನ ಓದು ಮುಗಿದ ಮೇಲೆ ನೋಡಿ, ಭುಜ ಇಳಿಯುತ್ತೆ, ಕಿಟಕಿಯಾಚೆ ನೋಡಲು ಶುರು ಮಾಡುತ್ತಾನೆ. ಅಂದರೆ ನಲವತ್ತು ನಿಮಿಷದಲ್ಲಿ ಅವನು ಕಲಿತದ್ದು ಒಂದು ವಾಕ್ಯ, ಅದೂ ಹೆದರಿಕೊಂಡು.

ಸ್ಟೀಫನ್ ಕ್ರಾಶೆನ್ ಎಂಬ ಅಮೆರಿಕದ ಭಾಷಾತಜ್ಞ 1980ರ ದಶಕದಲ್ಲಿ ಹೇಳಿದ ಮಾತು ತರಬೇತಿಯಲ್ಲಿ ಬಂದಿತ್ತು. ಮಗುವಿನ ಮನಸ್ಸಿನಲ್ಲಿ ಆತಂಕ, ಬೇಸರ, ನಾಚಿಕೆ ಜಾಸ್ತಿ ಇದ್ದರೆ ಕೇಳಿದ ಭಾಷೆ ಒಳಗೆ ಇಳಿಯುವುದೇ ಇಲ್ಲ, ನಡುವೆ ಒಂದು ಜರಡಿ ನಿಂತುಬಿಡುತ್ತದೆ ಅಂತ. ಅವರ ಸಿದ್ಧಾಂತಗಳ ಬಗ್ಗೆ ತಕರಾರು ತೆಗೆದವರು ಬಹಳ ಜನ. ಅದೆಲ್ಲ ದೊಡ್ಡವರ ಚರ್ಚೆ. ಎಣಿಸುತ್ತಾ ಕೂತ ಹುಡುಗನನ್ನು ನೋಡಿದವರಿಗೆ ಆ ಮಾತಿನಲ್ಲಿ ಹುರುಳಿದೆ ಅಂತ ಅನ್ನಿಸದೇ ಇರುವುದಿಲ್ಲ.

ಹಾಗಾಗಿ ಸಾಲು ಪ್ರಕಾರ ಕೇಳುವುದನ್ನು ನಿಲ್ಲಿಸಿದೆ. ಹಾಗಂತ ಯಾರನ್ನು ಬೇಕಾದರೂ ಧುತ್ತೆಂದು ಎಬ್ಬಿಸುವುದೂ ಇಲ್ಲ. ಅದು ಇನ್ನೂ ಕೆಟ್ಟದ್ದು. ಮೊದಲು ಎಲ್ಲರೂ ಒಟ್ಟಿಗೆ ಹೇಳುತ್ತಾರೆ. ಗುಂಪಿನ ದನಿಯಲ್ಲಿ ತನ್ನ ದನಿ ಅಡಗಿಸಿಕೊಂಡು ಹೇಳಲು ಯಾರಿಗೂ ಹೆದರಿಕೆ ಇಲ್ಲ. ಆಮೇಲೆ ಪಕ್ಕದವರ ಜೊತೆ ಜೋಡಿಯಲ್ಲಿ. ಆಗ ತಪ್ಪಾದರೆ ಕೇಳುವುದು ಒಬ್ಬರೇ, ಅದೂ ಗೆಳೆಯನೇ. ಇಷ್ಟಾದ ಮೇಲಷ್ಟೇ ಒಂಟಿಯಾಗಿ. ಅಷ್ಟೊತ್ತಿಗೆ ಆ ವಾಕ್ಯ ಅವನ ಬಾಯಲ್ಲಿ ಹತ್ತಾರು ಸಲ ಬಂದಿರುತ್ತದೆ.

ಒಂಟಿಯಾಗಿ ಕೇಳುವಾಗ ‘ಪಾಸ್’ ಅಂದು ಉತ್ತರ ಕೊಡದೆ ಮುಂದಿನವರಿಗೆ ಬಿಡುವ ಹಕ್ಕು ಎಲ್ಲರಿಗೂ ಇದೆ. ಯಾರೂ ಕಾರಣ ಕೇಳುವುದಿಲ್ಲ. ಒಂದೇ ಷರತ್ತು: ಇಬ್ಬರು ಮೂವರು ಹೇಳಿದ ಮೇಲೆ ನಾನು ಮತ್ತೆ ಅವನ ಹತ್ತಿರ ಬರುತ್ತೇನೆ. ಅವರು ಹೇಳಿದ್ದನ್ನೇ ಹೇಳಿದರೂ ಆಯಿತು. ‘ಪಾಸ್ ಕೊಟ್ಟರೆ ಎಲ್ಲರೂ ಪಾಸೇ ಅಂತಾರೆ ಮೇಡಂ’ ಅಂತ ಸಮಾಲೋಚನಾ ಸಭೆಯಲ್ಲಿ ಒಬ್ಬರು ನಕ್ಕರು. ಶುರುವಿನಲ್ಲಿ ನಿಜಕ್ಕೂ ಹಾಗೇ ಆಯಿತು. ಬರಬರುತ್ತಾ ಕಡಿಮೆಯಾಯಿತು. ತಪ್ಪಿಸಿಕೊಳ್ಳಲು ಬಾಗಿಲಿದೆ ಅಂತ ಗೊತ್ತಿದ್ದರೆ ಓಡಿಹೋಗುವವರು ಕಡಿಮೆ.

ಕಾಯುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ವಿಷಯ ಹೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಕಾಯುತ್ತಾರೆ, ಅಷ್ಟೇ. ಮೂರು ಸೆಕೆಂಡಾದರೂ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರ ಕೊಡದೇ ಇರುವುದು ಕಡಿಮೆಯಾಗುತ್ತದೆ. ಅದು ಅವರದೇ ಭಾಷೆಯಲ್ಲಿ ವಿಜ್ಞಾನ ಕಲಿಯುವ ಮಕ್ಕಳ ಕತೆ. ನಮ್ಮ ತಾಂಡಾದ ಹುಡುಗಿ ಇಂಗ್ಲಿಷ್ ಪ್ರಶ್ನೆ ಕೇಳಿಸಿಕೊಂಡು, ಅದನ್ನು ಕನ್ನಡಕ್ಕೋ ಲಂಬಾಣಿಗೋ ತಂದುಕೊಂಡು, ಉತ್ತರ ಯೋಚಿಸಿ, ಮತ್ತೆ ಇಂಗ್ಲಿಷಿಗೆ ಒಯ್ಯಬೇಕು. ಮೂರು ಸೆಕೆಂಡು ಎಲ್ಲಿ ಸಾಕಾಗುತ್ತೆ?

ನಾನು ಮನಸ್ಸಿನಲ್ಲೇ ಏಳೆಂಟರವರೆಗೆ ಎಣಿಸುತ್ತೇನೆ. ತರಗತಿಯಲ್ಲಿ ನಿಂತು ಹಾಗೆ ಎಣಿಸಿ ನೋಡಿ, ಎಷ್ಟು ದೀರ್ಘ ಅನ್ನಿಸುತ್ತೆ ಅಂತ ಗೊತ್ತಾಗುತ್ತೆ. ಕೈ ಬಾಯಿ ತುರಿಸುತ್ತೆ, ಉತ್ತರ ಹೇಳಿಬಿಡೋಣ ಅನ್ನಿಸುತ್ತೆ. ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳಿಕೊಡಲಿಲ್ಲ. ಕಾಯುವಾಗ ಆ ಮಗುವಿನ ಮುಖವನ್ನೇ ನೋಡುತ್ತಾ ನಿಲ್ಲಬಾರದು. ಟೀಚರ್ ನೋಡಿದ ಕಡೆ ಇಡೀ ತರಗತಿ ನೋಡುತ್ತದೆ. ಆಮೇಲೆ ಕಾಯುವುದೂ ಹಿಂಸೆಯೇ. ನಾನು ಬೋರ್ಡಿನ ಕಡೆ ತಿರುಗಿ ದಿನಾಂಕ ತಿದ್ದುತ್ತೇನೆ, ಸೀಮೆಸುಣ್ಣ ಮುರಿಯುತ್ತೇನೆ, ಪುಸ್ತಕದ ಹಾಳೆ ತಿರುವುತ್ತೇನೆ. ಉತ್ತರ ಬೆನ್ನ ಹಿಂದಿನಿಂದ ಬರುತ್ತದೆ, ಸಣ್ಣ ದನಿಯಲ್ಲಿ.

ಇಷ್ಟೆಲ್ಲ ಮಾಡಿದ ಮೇಲೂ ಮಗುವಿಗೆ ಏನೂ ಹೊಳೆಯದೆ ಇರಬಹುದು. ಅದಕ್ಕೆ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಾಲ್ಕು ಮಾತು ಬರೆದು ಹಾಕಿದ್ದೇನೆ. ‘ಪ್ಲೀಸ್ ಸೇ ಇಟ್ ಅಗೇನ್.’ ‘ವನ್ ಮಿನಿಟ್, ಪ್ಲೀಸ್.’ ‘ಕ್ಯಾನ್ ಯು ಹೆಲ್ಪ್ ಮಿ?’ ‘ಹೌ ಡು ಯು ಸೇ ದಿಸ್ ಇನ್ ಇಂಗ್ಲಿಷ್?’ ಜೂನ್ ತಿಂಗಳಲ್ಲಿ ಪಾಠಕ್ಕಿಂತ ಮೊದಲು ಇವನ್ನೇ ಆಟದ ಹಾಗೆ ಹೇಳಿಸುತ್ತೇನೆ. ಏನೂ ಗೊತ್ತಿಲ್ಲದಾಗ ಹೇಳಲು ಒಂದು ಮಾತಿದ್ದರೆ ಮಗು ಪೂರ್ತಿ ಮೂಕವಾಗುವುದಿಲ್ಲ. ‘ವನ್ ಮಿನಿಟ್, ಪ್ಲೀಸ್’ ಅಂದರೂ ಅದು ಇಂಗ್ಲಿಷೇ ಅಲ್ವಾ? ಅದನ್ನು ನಾನು ಉತ್ತರ ಅಂತಲೇ ಲೆಕ್ಕ ಹಾಕುತ್ತೇನೆ. ನಮ್ಮ ಮಕ್ಕಳು ತರಗತಿಯ ಹೊರಗೆ ಮೊದಲು ಬಳಸಿದ ಇಂಗ್ಲಿಷ್ ವಾಕ್ಯ ಅದೇ. ಬಿಸಿಯೂಟದ ಸಾಲಿನಲ್ಲಿ ಸಾರು ಬಡಿಸುವ ಅಡುಗೆ ಅಕ್ಕನಿಗೆ ಒಬ್ಬ ಹುಡುಗ ತಟ್ಟೆ ಸರಿಮಾಡಿಕೊಳ್ಳುತ್ತಾ ‘ವನ್ ಮಿನಿಟ್, ಪ್ಲೀಸ್’ ಅಂದ. ‘ಏನಂದ್ಯೋ?’ ಅಂತ ಅಕ್ಕ ಸೌಟು ಎತ್ತಿಕೊಂಡೇ ನಿಂತುಬಿಟ್ಟರು.

ತಪ್ಪು ತಿದ್ದುವ ವಿಷಯಕ್ಕೆ ಬರೋಣ. ಐದನೇ ತರಗತಿಯ ಹುಡುಗಿ ಹೇಳಿದಳು: ‘ಟೀಚರ್, ಯಸ್ಟರ್‌ಡೇ ಐ ಗೋ ಸಂತೆ.’ ಇಲ್ಲಿ ನಾನು ‘ಗೋ ಅಲ್ಲ, ವೆಂಟ್’ ಅಂದರೆ ಅವಳು ಮುಂದಿನದು ಹೇಳುವುದಿಲ್ಲ. ‘ಓ, ಯು ವೆಂಟ್ ಟು ದ ಸಂತೆ! ವಾಟ್ ಡಿಡ್ ಯು ಬೈ?’ ಅಂದೆ. ‘ಮಿರ್ಚಿ, ಬಳೆ, ಬ್ಯಾಂಗಲ್ಸ್’ ಅಂತ ಮುಂದುವರಿಸಿದಳು. ಅವಳ ಸಂತೆಯ ಸುದ್ದಿ ನನಗೆ ಬೇಕಾಗಿದೆ ಅನ್ನೋದು ಅವಳಿಗೆ ಮುಟ್ಟಿತು. ಸರಿಯಾದ ರೂಪವೂ ಕಿವಿಗೆ ಬಿತ್ತು.

ಆದರೆ ಇದಕ್ಕೊಂದು ಮಿತಿ ಇದೆ. ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಎಂಬ ಸಂಶೋಧಕರು 1997ರಲ್ಲಿ ಕೆನಡಾದ ಫ್ರೆಂಚ್ ಕಲಿಕೆಯ ತರಗತಿಗಳನ್ನು ಗಮನಿಸಿ ಬರೆದಿದ್ದಾರೆ. ಶಿಕ್ಷಕರು ಅತಿ ಹೆಚ್ಚು ಬಳಸುವುದು ಈ ಮೆತ್ತನೆಯ ತಿದ್ದುವಿಕೆಯನ್ನೇ. ಮಕ್ಕಳು ಅತಿ ಕಡಿಮೆ ಸ್ಪಂದಿಸುವುದೂ ಇದಕ್ಕೇ. ನನ್ನ ಹುಡುಗಿಯೂ ಮರುದಿನ ‘ಐ ಗೋ’ ಅಂತಲೇ ಬಂದಳು. ಬರೀ ಮೆತ್ತಗೆ ಹೇಳುತ್ತಾ ಹೋದರೆ ಖುಷಿಯಾಗಿರುತ್ತಾರೆ, ಕಲಿಯುವುದಿಲ್ಲ. ಅದಕ್ಕೆ ಮಾತಿನ ನಡುವೆ ತಡೆಯುವುದಿಲ್ಲ, ಕೇಳಿದ ತಪ್ಪುಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಪಿರಿಯಡ್ಡಿನ ಕೊನೆಯ ಐದು ನಿಮಿಷ ಅವನ್ನು ಬೋರ್ಡಿಗೆ ಬರೆಯುತ್ತೇನೆ. ಯಾರು ಹೇಳಿದ್ದು ಅಂತ ಹೇಳುವುದಿಲ್ಲ. ಎಲ್ಲರೂ ಸೇರಿ ಸರಿಮಾಡುತ್ತಾರೆ. ಅವಳೇ ಕೈ ಎತ್ತಿ ‘ವೆಂಟ್ ಬರಬೇಕ್ರಿ’ ಅಂತಾಳೆ. ತಪ್ಪಿನ ಮೇಲಿನ ಹೆಸರು ತೆಗೆದರೆ ಮಕ್ಕಳಿಗೆ ತಪ್ಪು ತಿದ್ದುವುದು ಬಹಳ ಇಷ್ಟ.

ನಗುವಿನದ್ದು ಇನ್ನೂ ಕಷ್ಟ. ಒಬ್ಬ ‘ಫಿಶ್’ ಅನ್ನಲು ಹೋಗಿ ‘ಪಿಸ್’ ಅಂದ, ತರಗತಿ ಹೋ ಎಂದಿತು. ನಗುವವರನ್ನು ಬೈಯುವುದರಿಂದ ಏನೂ ಆಗುವುದಿಲ್ಲ, ಆ ಹುಡುಗನ ಮೇಲೆ ಬೆಳಕು ಜಾಸ್ತಿಯಾಗುತ್ತೆ ಅಷ್ಟೇ. ನಕ್ಕವನನ್ನು ‘ಎದ್ದೇಳು, ನೀನು ಹೇಳು ನೋಡೋಣ’ ಅಂತ ಎಬ್ಬಿಸುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ನನಗೆ ಅದು ಇಷ್ಟವಿಲ್ಲ. ಇಂಗ್ಲಿಷ್ ಮಾತಾಡುವುದೇ ಶಿಕ್ಷೆ ಅಂತ ನಾವೇ ಸಾರಿದ ಹಾಗೆ. ಸ್ಪೆಲ್ಲಿಂಗ್ ತಪ್ಪಿದ್ದಕ್ಕೆ ಇಪ್ಪತ್ತು ಸಲ ಬರೆಸುವುದೂ ಇದೇ ಜಾತಿ. ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಕಾಯ್ದೆ ಗೋಡೆಯ ಮೇಲಿದೆ, ‘ದಡ್ಡ’ ಅನ್ನುವ ಮಾತು ಇನ್ನೂ ಅಲ್ಲಲ್ಲಿ ಕೇಳುತ್ತೆ.

ನಾನು ಮಾಡುವುದು ಇಷ್ಟು. ನಗುವಿನ ಕಡೆ ನೋಡುವುದೇ ಇಲ್ಲ. ಆ ಹುಡುಗ ಹೇಳಿದ್ದರಲ್ಲಿ ಇರುವ ವಿಷಯವನ್ನು ಹಿಡಿದು ಮಾತು ಮುಂದುವರಿಸುತ್ತೇನೆ. ‘ಯಾವ ಕೆರೆ ಮೀನು? ಎಷ್ಟು ದೊಡ್ಡದು? ಶೋ ಮಿ.’ ಅವನು ಎರಡು ಕೈ ಅಗಲಿಸಿ ತೋರಿಸುತ್ತಾನೆ, ಎಲ್ಲರಿಗೂ ಮೀನಿನ ಮೇಲೆ ಆಸಕ್ತಿ ಬರುತ್ತೆ. ಉಚ್ಚಾರಣೆಯನ್ನು ಮರುದಿನ ಎಲ್ಲರಿಗೂ ಸೇರಿಸಿ ಮಾಡಿಸುತ್ತೇನೆ. ಹಲ್ಲಿಂದ ಕೆಳತುಟಿ ಮೆಲ್ಲಗೆ ಕಚ್ಚಿ ಗಾಳಿ ಬಿಡಿ, ಅಂಗೈಗೆ ತಾಗುತ್ತಾ ನೋಡಿ ಅಂತ. ಆಗ ಎಲ್ಲರ ಮುಖವೂ ತಮಾಷೆಯಾಗಿ ಕಾಣುತ್ತೆ. ಒಬ್ಬನನ್ನು ನೋಡಿ ನಗುವ ಬದಲು ಎಲ್ಲರೂ ಎಲ್ಲರನ್ನೂ ನೋಡಿ ನಗುತ್ತಾರೆ. ಅಂಥ ನಗು ಎಷ್ಟಾದರೂ ಇರಲಿ.

ಹೀಗೆಲ್ಲ ಮಾಡುತ್ತಾ ಇದ್ದರೂ ಮಕ್ಕಳ ಒಳಗೆ ಏನಾಗುತ್ತಿದೆ ಅಂತ ತಿಳಿಯೋದು ಹೇಗೆ? ‘ಇಂಗ್ಲಿಷ್ ಇಷ್ಟ ಏನ್ರೋ?’ ಅಂದರೆ ‘ಹೂಂನ್ರಿ ಟೀಚರ್’ ಅಂತ ಒಂದೇ ದನಿಯಲ್ಲಿ ಕೂಗುತ್ತಾರೆ. ನನ್ನ ಮುಖ ನೋಡಿ ಹೇಳುವ ಉತ್ತರ ಅದು. 1986ರಲ್ಲಿ ಎಲೈನ್ ಹಾರ್ವಿಟ್ಜ್ ಎಂಬ ಸಂಶೋಧಕಿ ಮತ್ತು ಜೊತೆಯವರು ಟೆಕ್ಸಾಸಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳ ಆತಂಕ ಅಳೆಯಲು 33 ಹೇಳಿಕೆಗಳ ಒಂದು ಪಟ್ಟಿ ಮಾಡಿದ್ದರು. ನನ್ನ ಹೆಸರು ಕರೆಯುತ್ತಾರೆ ಅಂತ ಗೊತ್ತಾದರೆ ನಡುಕ ಬರುತ್ತೆ, ಮಾತಾಡಿದರೆ ಬೇರೆಯವರು ನಗುತ್ತಾರೆ ಅಂತ ಭಯ, ಈ ಥರದವು. ಓದಿದಾಗ ಟೆಕ್ಸಾಸೂ ನಮ್ಮೂರೂ ಬಹಳ ದೂರ ಇಲ್ಲ ಅನ್ನಿಸಿತು. ಆದರೆ ಒಂಬತ್ತು ವರ್ಷದ ಮಕ್ಕಳಿಗೆ 33 ಹೇಳಿಕೆ ಕೊಟ್ಟರೆ ಅದೇ ಇನ್ನೊಂದು ಪರೀಕ್ಷೆ ಆಗುತ್ತೆ.

ನಾನು ಹಳೇ ಬಿಸ್ಕತ್ತಿನ ಡಬ್ಬಿಯೊಂದನ್ನು ಬಾಗಿಲ ಹತ್ತಿರ ಇಟ್ಟೆ. ಶನಿವಾರ ಮಕ್ಕಳು ಒಂದು ಚೀಟಿಯಲ್ಲಿ ಮುಖ ಬರೆದು ಹಾಕಬೇಕು. ನಗುವ ಮುಖ, ಹೆದರಿದ ಮುಖ, ಆಕಳಿಸುವ ಮುಖ. ಯಾವಾಗ ಹಾಗನ್ನಿಸಿತು ಅಂತ ಕನ್ನಡದಲ್ಲಿ ಒಂದು ಮಾತು. ಹೆಸರು ಬೇಡ. ಕೈಬರಹ ನೋಡಿದರೆ ನನಗೆ ಗೊತ್ತಾಗುತ್ತೆ, ಅದು ಬೇರೆ ಮಾತು. ಗೊತ್ತಾದರೂ ಕೇಳುವುದಿಲ್ಲ.

ಮಾತಾಡುವುದಕ್ಕೇ ಜಾಸ್ತಿ ಹೆದರಿಕೆ ಇರುತ್ತೆ ಅಂದುಕೊಂಡಿದ್ದೆ. ಹೆದರಿದ ಮುಖಗಳು ಜಾಸ್ತಿ ಬಂದದ್ದು ಎರಡಕ್ಕೆ: ಒಬ್ಬರೇ ನಿಂತು ಗಟ್ಟಿಯಾಗಿ ಓದುವುದು, ಮತ್ತು ಉಕ್ತಲೇಖನ. ಯೋಚಿಸಿದರೆ ಸರಿಯೇ. ಮಾತಿನಲ್ಲಿ ಗೊತ್ತಿಲ್ಲದ ಪದ ಬಿಟ್ಟು ಗೊತ್ತಿರುವುದನ್ನು ಹೇಳಬಹುದು. ಓದುವಾಗ ಎದುರಿಗಿರುವ ಪದ ದಾಟಿ ಹೋಗುವ ಹಾಗಿಲ್ಲ.

ಈಗ ಗಟ್ಟಿ ಓದಿಗೆ ನಾನು ಮಗುವಿನ ಪಕ್ಕ ಹೋಗಿ ನಿಂತು ಜೊತೆಯಲ್ಲೇ ಓದುತ್ತೇನೆ. ಅವನ ದನಿ ಗಟ್ಟಿಯಾದಾಗ ನನ್ನದನ್ನು ಇಳಿಸುತ್ತೇನೆ, ಅವನು ತಡವರಿಸಿದರೆ ಮತ್ತೆ ಏರಿಸುತ್ತೇನೆ. ಯಾವ ಪದ ನಾನು ಓದಿದೆ, ಯಾವುದು ಅವನು ಓದಿದ ಅಂತ ಉಳಿದವರಿಗೆ ಗೊತ್ತೇ ಆಗುವುದಿಲ್ಲ. ಕೆಲವರು ಕೈ ಸನ್ನೆ ಮಾಡಿ ‘ಟೀಚರ್, ನೀವು ಸುಮ್ನಿರ್ರಿ, ನಾ ಓದ್ತೀನಿ’ ಅಂತಾರೆ. ಅಷ್ಟಾದರೆ ನನ್ನ ಕೆಲಸ ಮುಗಿದ ಹಾಗೆ.

ಉಕ್ತಲೇಖನವನ್ನು ಓಡುವ ಆಟ ಮಾಡಿದೆ. ನಾಲ್ಕು ವಾಕ್ಯ ಬರೆದ ಹಾಳೆಯನ್ನು ಹೊರಗಿನ ಗೋಡೆಗೆ ಅಂಟಿಸುತ್ತೇನೆ. ಜೋಡಿಯಲ್ಲಿ ಒಬ್ಬ ಓಡಿ ಹೋಗಿ ಒಂದು ವಾಕ್ಯ ಓದಿ, ನೆನಪಿಟ್ಟುಕೊಂಡು ಬಂದು ಹೇಳಬೇಕು, ಇನ್ನೊಬ್ಬ ಬರೆಯಬೇಕು. ನೆನಪಾಗದಿದ್ದರೆ ಮತ್ತೆ ಓಡಬಹುದು, ಎಷ್ಟು ಸಲ ಬೇಕಾದರೂ. ಇದು ನನ್ನ ಸ್ವಂತ ಉಪಾಯ ಅಲ್ಲ, ಭಾಷಾ ಶಿಕ್ಷಕರಲ್ಲಿ ಬಹಳ ದಿನದಿಂದ ಇರುವ ಆಟ. ಅದೇ ಸ್ಪೆಲ್ಲಿಂಗ್, ಅದೇ ಪದ, ಆದರೂ ಡಬ್ಬಿಯಲ್ಲಿ ನಗುವ ಮುಖ ಬರತೊಡಗಿದವು. ಪಕ್ಕದ ಕೋಣೆಯಲ್ಲಿ ಗಣಿತ ಮಾಡುವ ಸರ್‌ಗೆ ಮಾತ್ರ ಈ ಆಟ ಇಷ್ಟವಿಲ್ಲ. ಅವರ ಪಿರಿಯಡ್ಡು ಇಲ್ಲದಾಗ ಮಾಡುತ್ತೇನೆ.

ಆಕಳಿಸುವ ಮುಖಗಳ ಬಗ್ಗೆಯೂ ಹೇಳಬೇಕು. ಸಹಾಯ ಅಂದರೆ ಎಲ್ಲವನ್ನೂ ಸುಲಭ ಮಾಡುವುದು ಅಂತ ನಾವು ಅಂದುಕೊಳ್ಳುತ್ತೇವೆ. ‘ಐ ಲೈಕ್ ಮ್ಯಾಂಗೋ’ ಅಂತ ಜೂನ್‌ನಿಂದ ಆಗಸ್ಟ್‌ವರೆಗೂ ಹೇಳಿಸಿದರೆ ಹೆದರಿಕೆ ಹೋಗುತ್ತೆ, ಜೊತೆಗೆ ಆಸಕ್ತಿಯೂ ಹೋಗುತ್ತೆ. ಒಂದು ಚೀಟಿಯಲ್ಲಿ ಹೀಗಿತ್ತು: ‘ಮ್ಯಾಂಗೋ ಸಾಕ್ರಿ.’ ಆ ಹುಡುಗಿಗೆ ಮರುದಿನ ‘ಬಿಕಾಸ್’ ಕೊಟ್ಟೆ. ಯಾಕೆ ಇಷ್ಟ ಅಂತ ಹೇಳಬೇಕು. ತಲೆ ತುರಿಸಿಕೊಂಡಳು, ಸಿಟ್ಟೂ ಬಂತು, ಗೆಳತಿಯನ್ನು ಕೇಳಿದಳು, ಕೊನೆಗೆ ‘ಬಿಕಾಸ್ ನೋ ಕಟ್ಟಿಂಗ್, ಓನ್ಲಿ ಸಕ್ಕಿಂಗ್’ ಅಂದಳು. ರಸಪೂರಿ ಹಣ್ಣಿನ ಬಗ್ಗೆ ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ.

2014ರಲ್ಲಿ ಜಾನ್-ಮಾರ್ಕ್ ಡೆವಾಲೆ ಮತ್ತು ಪೀಟರ್ ಮ್ಯಾಕಿಂಟೈರ್ ಎಂಬ ಸಂಶೋಧಕರು ಹೇಳಿದ್ದು ಇದೇ. ಭಾಷೆ ಕಲಿಯುವಾಗಿನ ಖುಷಿಯೂ ಆತಂಕವೂ ಒಂದು ಏರಿದರೆ ಇನ್ನೊಂದು ಇಳಿಯುವಂಥವಲ್ಲ, ಎರಡೂ ಒಟ್ಟಿಗೇ ಇರಬಹುದು. ಪ್ರತಿಭಾ ಕಾರಂಜಿಯ ಇಂಗ್ಲಿಷ್ ಕಂಠಪಾಠಕ್ಕೆ ಮಕ್ಕಳನ್ನು ಕರೆದೊಯ್ದವರಿಗೆ ಇದು ಗೊತ್ತು. ವೇದಿಕೆ ಹತ್ತುವ ಮುಂಚೆ ಕೈ ತಣ್ಣಗಾಗಿರುತ್ತೆ. ‘ಬೇಡ ಅಂದ್ರ ವಾಪಸ್ ಹೋಗೋಣ’ ಅಂದರೆ ಅಳು ಬಂದುಬಿಡುತ್ತೆ. ಅವರಿಗೆ ಹೋಗಲೇಬೇಕು. ಅಲ್ಲಿ ನಾನು ಮಾಡಬೇಕಾದ್ದು ಇಷ್ಟೇ: ಮರೆತರೆ ಎಲ್ಲಿ ನೋಡಬೇಕು ಅಂತ ಹೇಳಿ, ಅದೇ ಜಾಗದಲ್ಲಿ ಹೋಗಿ ನಿಲ್ಲುವುದು.

ಹೊಗಳಿಕೆಯ ಬಗ್ಗೆ ನನಗೆ ಸ್ವಲ್ಪ ಗುಮಾನಿ ಇದೆ. ‘ವೆರಿ ಗುಡ್, ಚಪ್ಪಾಳೆ’ ಅನ್ನುವುದು ನಮ್ಮ ಶಾಲೆಗಳಲ್ಲಿ ಉಸಿರಾಟದ ಹಾಗೆ ಆಗಿಬಿಟ್ಟಿದೆ. ಮಕ್ಕಳಿಗೆ ಯಾವ ಚಪ್ಪಾಳೆ ನಿಜ, ಯಾವುದು ಸುಮ್ನೆ ಅಂತ ಚೆನ್ನಾಗಿ ಗೊತ್ತು. ಕಷ್ಟಪಟ್ಟು ಒಂದು ವಾಕ್ಯ ಹೇಳಿದವನಿಗೂ ‘ಯಸ್ ಟೀಚರ್’ ಅಂದವನಿಗೂ ಒಂದೇ ‘ವೆರಿ ಗುಡ್’ ಸಿಕ್ಕರೆ ಮೊದಲನೆಯವನಿಗೆ ಬೇಜಾರಾಗುತ್ತೆ. ನಾನು ಏನಾಯಿತು ಅನ್ನುವುದನ್ನೇ ಹೇಳುತ್ತೇನೆ. ‘ಹೋದ ವಾರ ಒಂದೊಂದೇ ಪದ ಹೇಳತಿದ್ದೆ, ಇವತ್ತು ಪೂರ್ತಿ ವಾಕ್ಯ ಹೇಳಿದೆಯಲ್ಲ ತಮ್ಮಾ.’ ಇದನ್ನು ಕನ್ನಡದಲ್ಲೇ ಹೇಳುತ್ತೇನೆ. ಮನಸ್ಸಿಗೆ ತಾಗಬೇಕಾದ ಮಾತನ್ನು ಅರ್ಥವಾಗದ ಭಾಷೆಯಲ್ಲಿ ಯಾಕೆ ಹೇಳಬೇಕು?

ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡ ಬೇಡ ಅನ್ನುವವರಿದ್ದಾರೆ. ಅವರ ಜೊತೆ ನಾನು ಒಪ್ಪುವುದಿಲ್ಲ. ಮಗು ಕನ್ನಡದಲ್ಲಿ ಶುರು ಮಾಡಲಿ, ಅರ್ಧದಲ್ಲಿ ನಾನು ಇಂಗ್ಲಿಷ್ ತುಂಡು ಕೊಡುತ್ತೇನೆ, ಅವನು ಜೋಡಿಸುತ್ತಾನೆ. ತಾಂಡಾದ ಮಕ್ಕಳು ಲಂಬಾಣಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡರೂ ಸರಿ. ಬೋರ್ಡಿನ ಮೇಲೆ ‘ವಾಟರ್’ ಪಕ್ಕದಲ್ಲಿ ನೀರು, ಪಾಣಿ ಎರಡನ್ನೂ ಬರೆದ ದಿನ ತಾಂಡಾದ ಹುಡುಗಿ ಮೊದಲ ಸಲ ತಾನಾಗಿ ಕೈ ಎತ್ತಿ ‘ಇನ್ನೊಂದ್ ಹೇಳ್ಲೇನ್ರಿ?’ ಅಂದಳು. ಕನ್ನಡದ ಪಾಠದಲ್ಲಿ ಅವಳು ಯಾವಾಗಲೂ ಊರ ಮಕ್ಕಳ ಹಿಂದೆ. ಇಂಗ್ಲಿಷ್ ಎಲ್ಲರಿಗೂ ಹೊಸದು. ಇಲ್ಲಿ ಅವಳು ಸರಿಸಮಾನ. ಇದನ್ನು ಅವಳು ನನಗಿಂತ ಮೊದಲೇ ಕಂಡುಕೊಂಡಿದ್ದಳು ಅಂತ ಕಾಣುತ್ತೆ.

ಟೀಚರ್‌ಗೂ ಇಂಗ್ಲಿಷ್ ಹೆದರಿಕೆ ಇರುತ್ತೆ. ನಾವೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಗೊತ್ತಿಲ್ಲದ ಪದ ಬಂದಾಗ ಗದರಿಸಿ ಮುಂದೆ ಹೋಗುವುದು ಸುಲಭ. ನನ್ನ ಮೇಜಿನ ಮೇಲೆ ನಿಘಂಟು ಇರುತ್ತೆ. ಮಕ್ಕಳ ಎದುರಿಗೇ ತೆಗೆದು ನೋಡುತ್ತೇನೆ, ಕೆಲವೊಮ್ಮೆ ಅವರ ಕೈಯಲ್ಲೇ ಹುಡುಕಿಸುತ್ತೇನೆ. ‘ಟೀಚರ್‌ಗೂ ಗೊತ್ತಿಲ್ಲ’ ಅನ್ನೋದು ಅವರಿಗೆ ದೊಡ್ಡ ಸಮಾಧಾನ.

ಅಧಿಕಾರಿಗಳು ಶಾಲೆಗೆ ಬರುವ ದಿನ ಈ ಹೆದರಿಕೆ ಎರಡು ಕಡೆಯೂ ಏರುತ್ತೆ. ನಾನು ಗಾಬರಿಯಾದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತೆ. ಒಮ್ಮೆ ಬಂದವರು ವೇಗವಾಗಿ ಏನೋ ಕೇಳಿದರು. ಆರನೇ ತರಗತಿಯ ಹುಡುಗ ಗೋಡೆಯ ಕಡೆ ನೋಡಿದ, ಆಮೇಲೆ ‘ಪ್ಲೀಸ್ ಸೇ ಇಟ್ ಅಗೇನ್, ಸರ್’ ಅಂದ. ಅವರು ನಿಧಾನವಾಗಿ ಕೇಳಿದರು, ಅವನು ಉತ್ತರಿಸಿದ. ಉತ್ತರ ಪೂರ್ತಿ ಸರಿ ಇರಲಿಲ್ಲ. ವರದಿಯಲ್ಲಿ ಏನು ಬರೆದರೋ ಬರೆಯಲಿ ಅಂತ ನಾನೂ ಆರಾಮಾಗಿದ್ದೆ.

ಮೌಖಿಕ ಪರೀಕ್ಷೆಯನ್ನು ಎಲ್ಲರ ಮುಂದೆ ಮಾಡುವುದಿಲ್ಲ. ವರ್ಷದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದ ಹೊತ್ತಿನಲ್ಲಿ ಉಳಿದವರಿಗೆ ಚಿತ್ರ ಬರೆಯಲು ಕೊಟ್ಟು, ಹೊಂಗೆಮರದ ಕೆಳಗೆ ಇಬ್ಬಿಬ್ಬರನ್ನು ಕರೆದು ಅವರಿಬ್ಬರೇ ಮಾತಾಡಿಕೊಳ್ಳಲು ಬಿಡುತ್ತೇನೆ. ಪಕ್ಕದಲ್ಲಿ ಕೂತು ಅಂಕ ಹಾಕುತ್ತೇನೆ. ಜನಗಣತಿ, ಚುನಾವಣೆ ಕೆಲಸ ಬಂದಾಗ ಇದಕ್ಕೆಲ್ಲ ಪುರಸೊತ್ತು ಇರುವುದಿಲ್ಲ. ಆ ವಾರಗಳಲ್ಲಿ ನನ್ನ ಸಿಡುಕು ಡಬ್ಬಿಯ ಚೀಟಿಗಳಲ್ಲಿ ಕಾಣುತ್ತೆ.

ಶಾಲೆಯ ಹೊರಗಿನದ್ದು ನನ್ನ ಕೈಯಲ್ಲಿಲ್ಲ. ಬೆಳಿಗ್ಗೆ ಊರಿಗೆ ಇಂಗ್ಲಿಷ್ ಮಾಧ್ಯಮ ಶಾಲೆಯ ಹಳದಿ ವ್ಯಾನು ಬರುತ್ತೆ. ಟೈ ಕಟ್ಟಿಕೊಂಡ ಮಕ್ಕಳು ಹತ್ತುವುದನ್ನು ನಮ್ಮವರು ನಿಂತು ನೋಡುತ್ತಾರೆ. ‘ಅವರಿಗೆ ಬರತೈತಿ, ನಮಗೆಲ್ಲಿ ಬರತೈತ್ರಿ’ ಅನ್ನುವ ಮಾತು ತರಗತಿಯೊಳಗೆ ಬರುವ ಮೊದಲೇ ಹುಟ್ಟಿರುತ್ತೆ. ಅದಕ್ಕೆ ಉಪದೇಶ ಮಾಡಿ ಪ್ರಯೋಜನವಿಲ್ಲ. ವ್ಯಾನಿನ ಮಗುವಿಗೆ ನಮ್ಮ ಹುಡುಗಿಯೊಬ್ಬಳು ದಾರಿಯಲ್ಲಿ ‘ವಾಟ್ ಡಿಡ್ ಯು ಈಟ್?’ ಅಂತ ಕೇಳಿ, ಅವನು ‘ಉಪ್ಪಿಟ್ಟು’ ಅಂತ ಕನ್ನಡದಲ್ಲಿ ಹೇಳಿದ್ದು ನನ್ನ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡಿತು. ಆ ಸುದ್ದಿ ಒಂದು ವಾರ ಓಡಾಡಿತು.

ಇನ್ನೂ ಬಗೆಹರಿಯದ್ದು ಒಂದು ಇದೆ. ಏಳನೇ ತರಗತಿ ಮುಗಿಸಿ ಮಕ್ಕಳು ಬೇರೆ ಊರಿನ ಹೈಸ್ಕೂಲಿಗೆ ಹೋಗುತ್ತಾರೆ. ಅಲ್ಲಿ ದೊಡ್ಡ ತರಗತಿ, ಹೊಸ ಶಿಕ್ಷಕರು, ಎಸ್ಸೆಸ್ಸೆಲ್ಸಿಯ ಅವಸರ. ಕೆಲವರು ಅಲ್ಲಿಯೂ ಕೈ ಎತ್ತುತ್ತಾರೆ ಅಂತ ಕೇಳಿದ್ದೇನೆ. ಕೆಲವರು ಮತ್ತೆ ಎಣಿಸುತ್ತಾ ಕೂರುತ್ತಾರೆ. ಹೋದ ವರ್ಷದಿಂದ ಪ್ರತಿ ಮಗುವಿನ ಬಗ್ಗೆ ನಾಲ್ಕು ಸಾಲು ಬರೆದು ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕರಿಗೆ ಕೊಡುತ್ತಿದ್ದೇನೆ. ಅಂಕ ಬರೆಯುವುದಿಲ್ಲ. ಯಾರಿಗೆ ಎಷ್ಟು ಹೊತ್ತು ಕಾಯಬೇಕು, ಯಾರನ್ನು ಜೋಡಿಯಲ್ಲಿ ಕೇಳಿದರೆ ಮಾ‌ತಾಡುತ್ತಾರೆ, ಯಾರಿಗೆ ಗಟ್ಟಿ ಓದು ಕಷ್ಟ ಅಂತ. ಅವರು ಅದನ್ನು ತೆಗೆದುಕೊಂಡರು. ಈ ಜೂನ್‌ನಲ್ಲಿ ಅವರೇ ಫೋನ್ ಮಾಡಿ, ಆ ಹಾಳೆ ಈ ಸಲ ಯಾವಾಗ ಕಳಿಸ್ತೀರಿ ಅಂತ ಕೇಳಿದರು.